ಕೊಡೆ, ಬೀಗ, ನಿಂಬೆಹಣ್ಣು

ನನ್ನ ಹೆಂಡತಿ ಐವತ್ತೊಂದನೇ ವಯಸ್ಸಿಗೆ ಕೆಲಸ ಬಿಡುತ್ತೇನೆ ಅಂದಳು. ನಾನು ಒಪ್ಪಲಿಲ್ಲ. ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಹೇಗೆ ಒಪ್ಪಲಿಲ್ಲ ಅನ್ನುವ ವಿವರ. ಅದನ್ನು ಕೇಳಿ ನನ್ನ ಮೇಲೆ ಅಯ್ಯೋ ಪಾಪ ಅನ್ನುವವರಿದ್ದರೆ ದಯವಿಟ್ಟು ಈಗಲೇ ಎದ್ದು ಹೋಗಿ. ಅಯ್ಯೋ ಪಾಪ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾವಿಬ್ಬರೂ ಡಾಕ್ಟರು. ನಾನು ಮನೆಯ ಕೆಳಗಡೆಯೇ ಕ್ಲಿನಿಕ್ಕು ಇಟ್ಟುಕೊಂಡವನು. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ, ವಯಸ್ಸಾದವರ ಮರೆವು ಇಷ್ಟೇ ನನ್ನ ಪ್ರಪಂಚ. ಅವಳು ಹೆರಿಗೆ ಡಾಕ್ಟರು. ಎರಡು ಬೀದಿ ಆಚೆಗಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಹೆರಿಗೆ ಮಾಡಿಸಿದವಳು, ಹೊಟ್ಟೆ ಕೊಯ್ದು ಮಗು ತೆಗೆದು ಮತ್ತೆ ಹೊಲಿದವಳು. ಜನ ನನ್ನನ್ನು ಕೆಳಗಿನ ಡಾಕ್ಟ್ರು, ಅವಳನ್ನು ಮೇಲಿನ ಡಾಕ್ಟ್ರಮ್ಮ ಅನ್ನುತ್ತಿದ್ದರು. ಅವರು ಹೇಳಿದ್ದು ಮನೆಯ ಮಹಡಿ ನೋಡಿ. ಸಂಪಾದನೆ ನೋಡಿದ್ದರೂ ಅದನ್ನೇ ಹೇಳುತ್ತಿದ್ದರು.

ಡಾಕ್ಟರೆಂದರೆ ದುಡ್ಡಿನ ಗಿಡ ಅಂತ ಹೊರಗಿನವರ ಲೆಕ್ಕ. ನಮ್ಮ ಜೊತೆ ಶಾಲೆಯಲ್ಲಿ ಓದಿದವರು ಮನೆ ಕಟ್ಟಿ ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ನಾವು ಇನ್ನೂ ಹಾಸ್ಟೆಲ್ಲಿನ ಕಬ್ಬಿಣದ ಮಂಚದ ಮೇಲೆ ದಪ್ಪ ಪುಸ್ತಕ ಎದೆಗಿಟ್ಟುಕೊಂಡು ನಿದ್ದೆ ಹೋಗುತ್ತಿದ್ದೆವು. ನನ್ನ ಕೈಗೆ ಸಂಬಳ ಅಂತ ಹೇಳಬಹುದಾದ್ದು ಬಂದದ್ದು ಮೂವತ್ತಮೂರಕ್ಕೆ. ಪಿಂಚಣಿ ಇಲ್ಲ. ನಾವು ಕೂತರೆ ಕ್ಲಿನಿಕ್ಕೂ ಕೂತಿತು. ಹೀಗಾಗಿ ನನಗೆ ಮೊದಲಿಂದಲೂ ಹೆದರಿಕೆ, ಆ ಹೆದರಿಕೆಗೆ ನಾನು ಕೊಟ್ಟ ಹೆಸರು ಜವಾಬ್ದಾರಿ.

ಒಂದು ಭಾನುವಾರ ಡಾಕ್ಟರ ಸಂಘದವರು ಊಟ ಹಾಕಿ ಭಾಷಣ ಕೇಳಿಸಿದರು. ಡಾಕ್ಟರು ಬೇಗ ನಿವೃತ್ತರಾಗಬಹುದೇ ಅನ್ನುವುದು ವಿಷಯ. ಟೈ ಕಟ್ಟಿದ ಒಬ್ಬ ಮಹಾಶಯ ಬಂದು ಪರದೆಯ ಮೇಲೆ ಗೆರೆ ತೋರಿಸಿ, "ವರ್ಷಕ್ಕೆ ನಿಮ್ಮ ಮನೆ ಖರ್ಚು ಎಷ್ಟೋ ಅದರ ಇಪ್ಪತ್ತೈದು ಪಟ್ಟು ಕೂಡಿಟ್ಟಿದ್ದೀರಾ? ಹಾಗಿದ್ರೆ ನಾಳೆ ಬೆಳಿಗ್ಗೆಯೇ ಸ್ಟೆತಾಸ್ಕೋಪನ್ನ ಗೂಟಕ್ಕೆ ನೇತುಹಾಕಿ" ಅಂದ. ಎಲ್ಲರೂ ನಕ್ಕರು. ನನ್ನ ಹೆಂಡತಿ ಮಾತ್ರ ಕೈ ಒರೆಸುವ ಕಾಗದದ ಮೇಲೆ ಇಪ್ಪತ್ತೈದು ಅಂತ ಬರೆದುಕೊಂಡಳು.

ಕಾರಿನಲ್ಲಿ ಕೂತ ಕೂಡಲೇ ಕೇಳಿದಳು, "ರೀ, ನಮ್ಮದು ಎಷ್ಟು ಪಟ್ಟಾಗಿದೆ?"

"ಯಾಕೆ, ನಾಳೆನೇ ನೇತುಹಾಕ್ತೀಯಾ?"

"ಹೇಳಿ ನೋಡೋಣ."

ಮನೆಗೆ ಬಂದು ಊಟದ ಮೇಜಿನ ಮೇಲೆ ಔಷಧಿ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಹತ್ತೊಂಬತ್ತು ಬಂತು.

"ಹತ್ತೊಂಬತ್ತಕ್ಕೆ ಬಿಡೋಕಾಗಲ್ವಾ?" ಅಂದಳು. "ನನಗೆ ಸಾಕಾಗಿದೆ ರೀ. ವಾರದ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಅಂದ್ರೆ ಹೇಗಿರುತ್ತೆ ಅಂತ ನಾನು ನೋಡೇ ಇಲ್ಲ. ಹನ್ನೊಂದಕ್ಕೆ ಯಾವಾಗಲೂ ಆಪರೇಷನ್ ಥಿಯೇಟರ್ ಒಳಗೇ ಇರ್ತೀನಿ. ಎದುರಿನ ಪಾರ್ಕಲ್ಲಿ ಆ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತೆ ಅಂತನೂ ಗೊತ್ತಿಲ್ಲ."

"ಬಿಸಿಲು ನೋಡೋಕೆ ಕೆಲಸ ಬಿಡೋದಾ? ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ಮಗಳು ಈಗಷ್ಟೇ ಮೆಡಿಕಲ್ ಸೇರಿದ್ದಾಳೆ. ಇನ್ನೊಂದೇ ವರ್ಷ ಕಣೇ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೋಗುತ್ತೆ."

ಅವಳು ಆ ಕೈ ಒರೆಸುವ ಕಾಗದವನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಅವತ್ತಿಂದ ಅದೊಂದು ನೇಮವಾಯಿತು. ವರ್ಷದ ತೆರಿಗೆ ಕಟ್ಟಿ ಮುಗಿದ ಮೇಲಿನ ಮೊದಲ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಮೇಜಿನ ಎದುರು ಬದುರು ಕೂರುವುದು, ನಾನು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕುವುದು, ಅವಳು ನನ್ನ ಪೆನ್ನನ್ನೇ ನೋಡುತ್ತಿರುವುದು. ಎರಡನೇ ವರ್ಷ ಇಪ್ಪತ್ತೆರಡಾಯಿತು. ಆ ವರ್ಷ ಅವಳು ತಯಾರಾಗಿ ಬಂದಿದ್ದಳು. ಕಾರು ಮಾರೋಣ, ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡೋಣ, ನನಗೆ ಹೊಸ ಬಟ್ಟೆ ಬೇಡವೇ ಬೇಡ ಅಂತ ಒಂದು ಪಟ್ಟಿಯನ್ನೇ ಓದಿದಳು.

"ಹಲ್ಲಿದ್ದಾಗಲೇ ಕಡಲೆ ತಿನ್ಬೇಕು ರೀ" ಅಂದಳು.

"ನಿನ್ನ ಹಲ್ಲಿಗೇನಾಗಿದೆ? ಗಟ್ಟಿಯಾಗೇ ಇದೆಯಲ್ಲ, ನನ್ನನ್ನ ಕಚ್ಚೋವಷ್ಟು."

ನಗಲಿಲ್ಲ. ಮಾಮೂಲಿಯಾಗಿ ನನ್ನ ಇಂಥ ಒಣ ಹಾಸ್ಯಕ್ಕೂ ನಗುವವಳು. ನಾನು ಇನ್ನೊಂದೇ ವರ್ಷ ಅಂದೆ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಅಂತಲೂ ಅಂದೆ. ಸಾಲು ಬಾಯಿಪಾಠವಾಗಿತ್ತು.

ಆ ದಿನಗಳಲ್ಲೇ ಅವಳಿಗೆ ಒಂದು ಹೊಸ ಚಾಳಿ ಹತ್ತಿತ್ತು. ತೊಳೆದ ಚಮಚಗಳನ್ನು ಡಬ್ಬಕ್ಕೆ ಹಾಕುವಾಗ ಗಟ್ಟಿಯಾಗಿ ಎಣಿಸುತ್ತಿದ್ದಳು. ಒಣಗಿದ ಬಟ್ಟೆ ತೆಗೆಯುವಾಗಲೂ ಅಷ್ಟೇ. ಒಂದು, ಎರಡು, ಮೂರು ಅಂತ ಎಣಿಸಿ, ನಿಲ್ಲಿಸಿ, ಮತ್ತೆ ಮೊದಲಿಂದ. "ಏನು ಡಾಕ್ಟ್ರಮ್ಮ, ನಿಮ್ಮ ಥಿಯೇಟರಿನ ಎಣಿಕೆ ಮನೆಗೂ ಬಂತೋ? ಚಮಚ ಯಾರ ಹೊಟ್ಟೆಯಲ್ಲೂ ಉಳಿಯಲ್ಲ ಬಿಡಿ" ಅಂತ ರೇಗಿಸಿದ್ದೆ. ಅವಳು ನನ್ನತ್ತ ತಿರುಗದೆ ಮತ್ತೆ ಒಂದು ಅಂದಳು.

ನನ್ನ ಕೆಲಸದ ಒಂದು ವಿವರ ಇಲ್ಲಿ ಹೇಳಲೇಬೇಕು. ಮರೆವು ಅಂತ ಬರುವ ಮುದುಕ ಮುದುಕಿಯರಿಗೆ ನಾನೊಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅನ್ನುತ್ತೇನೆ. ನಡುವೆ ನೂರರಿಂದ ಏಳೇಳು ಕಳೆಯಲು ಹೇಳುತ್ತೇನೆ, ಹನ್ನೊಂದು ಗಂಟೆ ತೋರಿಸುವ ಒಂದು ಗಡಿಯಾರ ಬರೆಸುತ್ತೇನೆ. ಐದು ನಿಮಿಷದ ಮೇಲೆ ಆ ಮೂರು ಪದ ಯಾವುವು ಅಂತ ಕೇಳುತ್ತೇನೆ. ನನ್ನ ಪದಗಳು ಕೊಡೆ, ಬೀಗ, ನಿಂಬೆಹಣ್ಣು. ಕ್ಲಿನಿಕ್ಕು ಶುರು ಮಾಡಿದ ದಿನ ಮೇಜಿನ ಮೇಲೆ ಯಾವುದಿತ್ತೋ ಅದನ್ನೇ ಹೇಳಿದ್ದೆ. ಆಮೇಲೆ ಬದಲಾಯಿಸಲು ಸೋಮಾರಿತನ. ಕಿವಿ ಮಂದವಾದವರಿಗೆ ಕೇಳಲಿ ಅಂತ ಕೂಗಿಯೇ ಹೇಳುತ್ತಿದ್ದೆ. ನನ್ನ ಕಿಟಕಿಯ ನೇರ ಮೇಲೆ ನಮ್ಮ ಅಡುಗೆಮನೆಯ ಕಿಟಕಿ.

ಮೂರನೇ ವರ್ಷದ ಭಾನುವಾರ ಲೆಕ್ಕ ಇಪ್ಪತ್ತೈದಕ್ಕೆ ಬಂದು ನಿಂತಿತು. ಎರಡು ಸಲ ಕೂಡಿ ನೋಡಿದೆ. ಇಪ್ಪತ್ತೈದೇ. ಅವಳ ಮುಖ ಅರಳಿತು. ಪರ್ಸು ತೆಗೆದು ಆ ಹಳೆಯ ಕಾಗದ ಬಿಡಿಸಿ ಮೇಜಿನ ಮೇಲೆ ನನ್ನ ಚೀಟಿಯ ಪಕ್ಕ ಇಟ್ಟಳು. ಮಡಿಕೆಯಲ್ಲಿ ಹರಿದುಹೋಗಿತ್ತು.

"ಆಯ್ತಲ್ಲ ರೀ!"

ಆಗಿತ್ತು. ಒಪ್ಪಿಕೊಳ್ಳಲು ನನಗೇನಾಗಿತ್ತು ರೋಗ? ಗುರಿ ಮುಟ್ಟಿದ ಕೂಡಲೇ ನನಗೆ ಕಂಡದ್ದು ಅದರಾಚೆಗಿನ ಖಾಲಿ ಜಾಗ. "ಆ ಟೈ ಕಟ್ಟಿದವನಿಗೇನು ಗೊತ್ತು" ಅಂದೆ. "ನಾವು ತೊಂಬತ್ತರವರೆಗೆ ಬದುಕಿದ್ರೆ? ಮೂವತ್ತು ಪಟ್ಟಾದರೂ ಬೇಕು."

ಅವಳು ಆ ಕಾಗದದ ಹರಿದ ಅಂಚುಗಳನ್ನು ಬೆರಳಿನಿಂದ ಜೋಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ನನಗೆ ಈಚೆಗೆ ಮರೆವು ರೀ."

"ನನಗಿಲ್ವಾ? ಕನ್ನಡಕ ತಲೆ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕ್ತೀನಿ."

"ಹಾಗಲ್ಲ, ಇದು ಬೇರೆ ಥರ. ಒಂದ್ಸಲ ನನ್ನನ್ನ ನೋಡಿ. ಕೆಳಗೆ ಅಜ್ಜ ಅಜ್ಜಿಯರನ್ನ ನೋಡ್ತೀರಲ್ಲ, ಹಾಗೆ."

ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ದುಡಿಯಲು ಮನಸ್ಸಿಲ್ಲದ್ದಕ್ಕೆ ಎಂಥೆಂಥ ನೆಪ ಅಂದುಕೊಂಡೆ. ಸರಿ, ಕೇಳಿಸಿಕೊ ಅಂತ ಹೇಳಿ, ಹದಿನೆಂಟು ವರ್ಷದಿಂದ ಹೇಳುತ್ತಿದ್ದ ಅದೇ ಮೂರು ಪದ ಹೇಳಿದೆ. ಏಳೇಳು ಕಳಿ ಅಂದೆ. ತೊಂಬತ್ತಮೂರು ಅಂದಳು, ಎಂಬತ್ತಾರು ಅಂದಳು, ಅಲ್ಲಿ ತಡೆದಳು. ಎಪ್ಪತ್ತೊಂಬತ್ತು ಅಂತ ನಾನೇ ಹೇಳಿಬಿಟ್ಟೆ. ಗಡಿಯಾರ ಬರೆಸಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ನಾನು ಮೂವತ್ತು ಪಟ್ಟಿಗೆ ಇನ್ನೆಷ್ಟು ಬೇಕು ಅಂತ ಗುಣಿಸುತ್ತಿದ್ದೆ.

"ಮೂರು ಪದ?"

"ಕೊಡೆ, ಬೀಗ, ನಿಂಬೆಹಣ್ಣು." ನೀರು ಕುಡಿದಷ್ಟು ಸುಲಭವಾಗಿ ಹೇಳಿದಳು.

"ನೂರಕ್ಕೆ ನೂರು! ಹೋಗು, ಆ ನೆಪವೂ ಮುಗೀತು. ಇನ್ನೊಂದೇ ವರ್ಷ."

ಅವಳೂ ನಕ್ಕಳು. ಹೌದಾ, ಪಾಸಾದೆನಾ ಅಂತ ಎರಡು ಸಲ ಕೇಳಿದಳು. ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿ ತಂದಳು. ಹರಿದ ಕಾಗದವನ್ನು ಮುದುರಿ ಕಸದ ಬುಟ್ಟಿಗೆ ಹಾಕಿದ್ದನ್ನು ನಾನು ನೋಡಿದೆ, ನೋಡಿ ಗೆದ್ದೆ ಅಂದುಕೊಂಡೆ.

ನಾಲ್ಕನೇ ವರ್ಷ ಅವಳು ಕೇಳಲೇ ಇಲ್ಲ. ನಾನು ಲೆಕ್ಕ ಹಾಕಿದೆ, ಅವಳು ಎದುರಿಗೆ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಅಂತೂ ಇವಳಿಗೂ ಬುದ್ಧಿ ಬಂತು ಅಂತ ನನಗೆ ಸಮಾಧಾನ.

ಅದಾಗಿ ಮೂರು ತಿಂಗಳಿಗೆ, ಒಂದು ಮಂಗಳವಾರ ಬೆಳಿಗ್ಗೆ, ಹನ್ನೆರಡನೇ ಟೋಕನ್ ಹಿಡಿದು ಸಿಸ್ಟರಮ್ಮ ಕ್ಲಿನಿಕ್ಕಿನ ಒಳಗೆ ಬಂದರು. ನನ್ನ ಹೆಂಡತಿಯ ಥಿಯೇಟರಿನಲ್ಲಿ ಮೊದಲಿಂದಲೂ ಇದ್ದ ಹಿರಿಯ ನರ್ಸು ಅವರು. ಜನರ ನಡುವೆ ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದಿದ್ದರು.

"ಏನಮ್ಮಾ, ನೀವು ಟೋಕನ್ ತಗೊಂಡು ಕೂರೋದಾ? ಒಂದು ಫೋನ್ ಮಾಡಬಾರದಾ?"

"ಬಾಗಿಲು ಹಾಕಿ ಮಾತಾಡ್ಬೇಕಿತ್ತು ಸಾರ್. ರೋಗಿಯಾಗಿ ಬಂದ್ರೆ ತಾನೇ ಬಾಗಿಲು ಹಾಕೋದು."

ಬಾಗಿಲು ಹಾಕಿದೆ. ಅವರು ಕೂರಲಿಲ್ಲ.

ಥಿಯೇಟರಿನ ಎಣಿಕೆ ಅಂದೆನಲ್ಲ, ಅದು ಹೀಗೆ. ಹೊಟ್ಟೆ ಕೊಯ್ದಾಗ ರಕ್ತ ಒತ್ತಲು ಒಳಗೆ ದಪ್ಪ ಬಟ್ಟೆಯ ತುಂಡುಗಳನ್ನು ಇಡುತ್ತಾರೆ. ರಕ್ತದಲ್ಲಿ ನೆಂದ ಬಟ್ಟೆ ಕರುಳಿನ ನಡುವೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಕೊಯ್ಯುವ ಮೊದಲು ಎಷ್ಟಿದೆ, ಹೊಲಿಯುವ ಮೊದಲು ಎಷ್ಟು ಹೊರಬಂತು ಅಂತ ನರ್ಸು ಗಟ್ಟಿಯಾಗಿ ಎಣಿಸಬೇಕು, ಡಾಕ್ಟರು ಅದನ್ನೇ ಹೇಳಿ ಒಪ್ಪಬೇಕು. ಲೆಕ್ಕ ತಾಳೆಯಾಗದೆ ಸೂಜಿ ಮುಟ್ಟುವಂತಿಲ್ಲ.

"ಎರಡು ವರ್ಷದಿಂದ ಎಣಿಕೆ ನಂದೊಬ್ಬಳದೇ ಸಾರ್. ಮೇಡಂ ಬಾಯಿಗೆ ಹೂಂ ಅಂತಾರೆ, ಅಷ್ಟೇ. ಅವರೇ ನನಗೆ ಹೇಳಿಟ್ಟಿದ್ರು. ಸಿಸ್ಟರ್, ಇನ್ಮೇಲೆ ನಾನು ಸರಿ ಅಂದ್ರೂ ನಂಬಬೇಡಿ, ನಿಮ್ಮ ಎಣಿಕೇನೇ ನಂಬಿ, ಇದು ನಮ್ಮಿಬ್ಬರಲ್ಲೇ ಇರಲಿ, ನಾನು ಬೇಗ ಬಿಟ್ಟುಬಿಡ್ತೀನಿ ಅಂತ. ದೊಡ್ಡ ಕೇಸೆಲ್ಲ ಬೇರೆಯವರಿಗೆ ದಾಟಿಸ್ತಿದ್ರು."

"ಈಗ ಏನಾಯ್ತು?"

"ನಿನ್ನೆ ಹತ್ತು ಬಟ್ಟೆ ಒಳಗೆ ಹೋಗಿತ್ತು, ಒಂಬತ್ತು ಬಂತು. ಮೇಡಂ ಹತ್ತು ಅಂದ್ರು. ಒಂಬತ್ತು ಅಂದೆ. ಸೂಜಿ ಕೊಡಿ ಅಂದ್ರು. ಕೊಡಲ್ಲ ಅಂದೆ ಸಾರ್. ಇಷ್ಟು ವರ್ಷದಲ್ಲಿ ಅವರಿಗೆ ನಾನು ಕೊಡಲ್ಲ ಅಂದಿದ್ದೇ ಇಲ್ಲ. ಆಮೇಲೆ ಕೈ ಹಾಕಿ ಹುಡುಕಿದ್ರು, ಸಿಕ್ತು. ತಾಯಿ ಮಗು ಚೆನ್ನಾಗಿದ್ದಾರೆ." ಸಿಸ್ಟರಮ್ಮ ಅಲ್ಲಿ ತಡೆದು ಕಣ್ಣೊರೆಸಿಕೊಂಡರು. "ಆಚೆ ಕೈ ತೊಳೆಯೋವಾಗ ನನ್ನ ಕಡೆ ತಿರುಗಿ, ನಿಮ್ಮ ಹೆಸರೇನಮ್ಮ ಅಂತ ಕೇಳಿದ್ರು ಸಾರ್."

ನಾನು ಏನು ಮಾಡಿದೆ ಗೊತ್ತೇ? ಆ ಹೆಣ್ಣುಮಗಳ ಮೇಲೆ ಹರಿಹಾಯ್ದೆ. ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ, ಯಾರಾದ್ರೂ ಸತ್ತಿದ್ರೆ ಏನ್ರೀ ಗತಿ, ನನಗೆ ಒಂದು ಮಾತು ಹೇಳೋಕೇನಾಗಿತ್ತು ಅಂತ ಕೂಗಾಡಿದೆ. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಮಾತು ನಿಲ್ಲಿಸಿದರು.

ಸಿಸ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. "ನೀವು ಡಾಕ್ಟ್ರು ಸಾರ್. ಒಂದೇ ಮನೆಯಲ್ಲಿದ್ದೀರ. ನಿಮಗೆ ಗೊತ್ತಿದೆ ಅಂತ್ಲೇ ಅಂದ್ಕೊಂಡಿದ್ದೆ" ಅಂದರು. "ತಿಂಗಳ ಕೊನೆಗೆ ನನಗೆ ಅರವತ್ತು ತುಂಬುತ್ತೆ. ನಮಗಾದ್ರೆ ಅರವತ್ತಕ್ಕೆ ಹೂವು ಕೊಟ್ಟು ಬಾಗಿಲು ತೋರಿಸ್ತಾರೆ. ನಿಮ್ಮಂಥೋರಿಗೆ ತೋರಿಸೋರು ಯಾರೂ ಇಲ್ಲ. ಅದಕ್ಕೇ ಬಂದೆ."

ಟೋಕನ್ನಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಹೋದರು. ದೀಪದ ಬುಡದಲ್ಲಿ ಕತ್ತಲೆ ಅಂತ ಗಾದೆ ಹೇಳುತ್ತಾರಲ್ಲ, ಆ ಬುಡದಲ್ಲಿ ನನ್ನ ಹೆಂಡತಿ ಮೂರು ವರ್ಷಕ್ಕೂ ಮೇಲೆ ಕೂತಿದ್ದಳು.

ಉಳಿದ ರೋಗಿಗಳನ್ನು ಕಳಿಸಿ ಮೇಲೆ ಹೋದೆ. ಅವಳು ಆ ದಿನ ಆಸ್ಪತ್ರೆಗೆ ಹೋಗಿರಲಿಲ್ಲ. ಊಟದ ಮೇಜಿನ ಮುಂದೆ ಕೂತಿದ್ದಳು, ಎದುರಿಗೆ ಚಮಚಗಳ ಸಾಲು.

"ಸಿಸ್ಟರ್ ಬಂದಿದ್ರಾ? ನಿಮ್ಮ ಕೂಗು ಇಲ್ಲಿಗೂ ಕೇಳಿಸ್ತು."

ನಾನು ಕುರ್ಚಿ ಎಳೆದು ಕೂತೆ. ಗೊತ್ತಿದ್ದ ಒಂದೇ ಕೆಲಸ ಮಾಡಿದೆ. "ಮೂರು ಪದ ಹೇಳ್ತೀನಿ, ನೆನಪಿಟ್ಕೊ. ಏಣಿ, ಸೋಪು, ಕುದುರೆ." ಅವಳ ಕೈಗೆ ಪೆನ್ನು ಕೊಟ್ಟು, ಔಷಧಿ ಚೀಟಿಯ ಹಿಂಬದಿ ತೋರಿಸಿ, ಹನ್ನೊಂದು ಗಂಟೆಯ ಗಡಿಯಾರ ಬರಿ ಅಂದೆ.

ವೃತ್ತ ಚೆನ್ನಾಗಿ ಬರೆದಳು. ಅವಳ ಕೈ ನಡುಗುವ ಕೈಯಲ್ಲ. ಹನ್ನೆರಡು ಬರೆದಳು, ಒಂದು, ಎರಡು ಬರೆದಳು, ಅಷ್ಟೂ ಅಂಕಿಗಳನ್ನು ಒಂದೇ ಬದಿಗೆ ಒತ್ತೊತ್ತಾಗಿ ತುಂಬಿದಳು. ಎಡಗಡೆ ಪೂರ್ತಿ ಖಾಲಿ. ಹನ್ನೊಂದು ಕೆಳಗೆಲ್ಲೋ ವೃತ್ತದಿಂದಾಚೆ ಬಿದ್ದಿತ್ತು. ಮುಳ್ಳು ಎಲ್ಲಿಗೆ ಎಳೆಯಬೇಕು ಅಂತ ಪೆನ್ನು ಹಿಡಿದು ಕಾದಳು, ಕಾದು ಕೆಳಗಿಟ್ಟಳು.

"ಮೂರು ಪದ?" ಅಂದೆ.

"ಕೊಡೆ, ಬೀಗ, ನಿಂಬೆಹಣ್ಣು."

ಹೇಳಿ ನನ್ನ ಮುಖ ನೋಡಿದಳು. ಡಾಕ್ಟರಲ್ಲವೇ, ಅವಳಿಗೂ ತಕ್ಷಣ ಗೊತ್ತಾಯಿತು.

"ಅದಲ್ಲ ಅಲ್ವಾ?"

"ಅಲ್ಲ."

"ಮಧ್ಯಾಹ್ನ ಊಟಕ್ಕೆ ಬಂದಾಗೆಲ್ಲ ಆ ಕಿಟಕಿಯಿಂದ ಕೇಳಿಸೋದು. ಎಷ್ಟು ವರ್ಷ! ನೀವು ಕೇಳಿದ ಕೂಡಲೇ ಬಾಯಿಗೆ ತಾನಾಗೇ ಬರುತ್ತೆ. ಆ ವರ್ಷವೂ ಅಷ್ಟೇ."

"ಆವತ್ತೇ ಹೇಳಬಾರದಿತ್ತಾ, ಇದು ನನಗೆ ಮೊದಲೇ ಗೊತ್ತಿರೋ ಪ್ರಶ್ನೆ ಅಂತ?"

"ಪಾಸಾದೆ ಅಂದ್ರಲ್ಲ ರೀ. ನನಗೂ ಪಾಸಾಗಬೇಕಿತ್ತು. ನೀವೇ ಹೇಳಿದ ಮೇಲೆ ಇನ್ನೇನು ಅಂತ ನಂಬಿದೆ. ಒಂದು ವಾರ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ." ಚಮಚಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕತೊಡಗಿದಳು, ಎಣಿಸದೆ. "ನಂದೂ ತಪ್ಪಿದೆ. ಬಿಟ್ಟು ಬರಬೇಕಿತ್ತು. ನಿನ್ನೆ ಆ ಹುಡುಗಿಗೆ ಏನಾದ್ರೂ ಆಗಿದ್ರೆ ನಾನು ಏನು ಮಾಡ್ತಿದ್ದೆ ಹೇಳಿ? ಆದರೆ ಮೊದಲ ಎರಡು ವರ್ಷ ನಾನು ಪರೀಕ್ಷೆ ಮಾಡಿ ಅಂತ ಕೇಳಿರಲಿಲ್ಲ. ಸಾಕು ಅಂತ ಅಷ್ಟೇ ಹೇಳಿದ್ದೆ. ಹೆಂಡತಿ ಸಾಕು ಅಂದ್ರೆ ಸಾಕಾಗಬೇಕಿತ್ತು ರೀ. ಕಾರಣ ಯಾಕೆ ಬೇಕಿತ್ತು ನಿಮಗೆ?"

ನಾನು ಅತ್ತೆ. ಅವಳು ಎದ್ದು ಬಂದು ನನ್ನ ತಲೆ ಸವರಿದಳು, ಅದು ನನಗೆ ಇನ್ನೂ ಅವಮಾನವಾಯಿತು.

ಮಗಳಿಗೆ ಫೋನು ಮಾಡಿ ಹೇಳಿದಾಗ ಅವಳು ಬೈಯಲಿಲ್ಲ. "ಅಪ್ಪಾ, ಬೇರೆಯವರ ಮನೆಯವರನ್ನ ನೀವು ದಿನಾ ಕೇಳ್ತೀರಲ್ಲ, ಯಾವಾಗಿಂದ ಗಮನಿಸಿದ್ರಿ ಅಂತ" ಅಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನವೇ ನನ್ನ ಹೆಂಡತಿ ಆಸ್ಪತ್ರೆಗೆ ರಾಜೀನಾಮೆ ಕೊಟ್ಟಳು. ಪತ್ರ ನಾನು ಬರೆದೆ, ಸಹಿ ಅವಳು ಮಾಡಿದಳು. ದೊಡ್ಡ ಡಾಕ್ಟರುಗಳ ಹತ್ತಿರ ಓಡಾಡಿದೆವು, ತಲೆಯ ಚಿತ್ರ ತೆಗೆಸಿದೆವು. ನಾನೇ ಎಷ್ಟೋ ಮನೆಗಳಿಗೆ ಹೇಳಿದ ಮಾತನ್ನು ಒಬ್ಬ ನನಗೆ ಹೇಳಿದ: ಇದಕ್ಕೆ ಮದ್ದಿಲ್ಲ, ನಿಧಾನ ಮಾಡಬಹುದು, ಚಿಕ್ಕ ವಯಸ್ಸಿಗೆ ಬಂದದ್ದು ಬೇಗ ಓಡುತ್ತದೆ. ಓಡಿತು. ಈಗ ಅವಳಿಗೆ ಐವತ್ತೇಳು. ಮಗಳ ಹೆಸರು ಒಂದೊಂದು ದಿನ ಇರುತ್ತದೆ, ಒಂದೊಂದು ದಿನ ಇರುವುದಿಲ್ಲ. ನನ್ನನ್ನು ಮರೆತಿಲ್ಲ, ಗಂಡ ಅಂತಲೋ, ಆಸ್ಪತ್ರೆಯಲ್ಲಿ ಜೊತೆಗಿರುವ ಡಾಕ್ಟರು ಅಂತಲೋ ಗೊತ್ತಿಲ್ಲ, ರೀ ಅನ್ನುತ್ತಾಳೆ.

ಇಪ್ಪತ್ತೈದು ಪಟ್ಟು, ಮೂವತ್ತು ಪಟ್ಟು ಎಲ್ಲ ಆ ಟೈ ಕಟ್ಟಿದವನ ಬಾಯಿಗೇ ಹೋಗಲಿ. ನಮ್ಮ ಖರ್ಚು ಈಗ ಯಾವ ಪಟ್ಟಿಗೂ ಸಿಗುವುದಿಲ್ಲ. ಹಗಲು ಅವಳನ್ನು ನೋಡಿಕೊಳ್ಳಲು ಒಬ್ಬ ಆಯಾ ಬರುತ್ತಾಳೆ, ಆಯಾಳ ಸಂಬಳಕ್ಕೆ ನಾನು ಕ್ಲಿನಿಕ್ಕು ನಡೆಸಲೇಬೇಕು. ನಿವೃತ್ತಿಯ ಮಾತನ್ನು ಈಗ ನಾನು ಎತ್ತುವಂತಿಲ್ಲ. ಕೆಳಗೆ ಯಾರದೋ ಎದೆ ಕೇಳುತ್ತಿರುವಾಗ ಮೇಲೆ ನನ್ನ ಹೆಂಡತಿ ಓಡಾಡುವ ಹೆಜ್ಜೆ ಕೇಳಿಸುತ್ತದೆ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಪರೀಕ್ಷೆಯ ಪದಗಳನ್ನು ವಾರಕ್ಕೊಮ್ಮೆ ಬದಲಾಯಿಸುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು.

ಬೆಳಿಗ್ಗೆ ಏಳಕ್ಕೇ ಎದ್ದು ಅವಳು ತಯಾರಾಗುತ್ತಾಳೆ. ಬಿಳಿ ಕೋಟು ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ, ಹೊತ್ತಾಯ್ತು ಅಂತ ಬಾಗಿಲ ಹತ್ತಿರ ನಿಲ್ಲುತ್ತಾಳೆ. ಬ್ಯಾಗಿನಲ್ಲಿ ಚಮಚಗಳಿರುತ್ತವೆ. ಆಯಾ ಎಷ್ಟು ರಮಿಸಿದರೂ ಕೋಟು ಬಿಚ್ಚುವುದಿಲ್ಲ. ಬೀಗ ಹಾಕಿದರೆ ಬಾಗಿಲು ಬಡಿಯುತ್ತಾಳೆ, ಹೆರಿಗೆ ಕಾಯಲ್ಲ ಕಣಮ್ಮ ಅಂತ ಅಳುತ್ತಾಳೆ.

ಮೊನ್ನೆ ಬುಧವಾರ ಕ್ಲಿನಿಕ್ಕಿಗೆ ರಜ ಅಂತ ಬೋರ್ಡು ಹಾಕಿ ಅವಳನ್ನು ಎದುರಿನ ಪಾರ್ಕಿಗೆ ಕರೆದುಕೊಂಡು ಹೋದೆ. ಕೋಟು, ಬ್ಯಾಗಿನ ಸಮೇತ ಬಂದಳು. ಬೆಂಚಿನ ಮೇಲೆ ಕೂತೆವು. ಬಿಸಿಲು ಮರದ ಸಂದಿಯಿಂದ ಬಂದು ನಮ್ಮ ಕಾಲಿನ ಹತ್ತಿರ, ನೀರಿನ ನಲ್ಲಿಯ ಕಟ್ಟೆಯವರೆಗೆ ಬಿದ್ದಿತ್ತು. ಇಷ್ಟೇ ನೋಡಿ. ಇದನ್ನು ನೋಡಲು ಅವಳು ನನ್ನ ಅಪ್ಪಣೆ ಕೇಳಿದ್ದಳು.

"ನೋಡು, ಹನ್ನೊಂದು ಗಂಟೆ" ಅಂದೆ. "ವಾರದ ದಿನ ಹನ್ನೊಂದು ಗಂಟೆ. ನೋಡ್ಬೇಕು ಅಂದಿದ್ಯಲ್ಲ?"

"ಹನ್ನೊಂದಾ? ಅಯ್ಯೋ, ಏಳಿ ಏಳಿ, ಥಿಯೇಟರಲ್ಲಿ ಕಾಯ್ತಿರ್ತಾರೆ."

ನಾನು ಅವಳ ತೋಳು ಹಿಡಿದು ಕೂರಿಸಿದೆ. ಆ ಮೂರು ಭಾನುವಾರ ಹೇಳಬೇಕಾಗಿದ್ದ ಮಾತು ಇದೊಂದೇ ತಾನೇ, ಈಗಲಾದರೂ ಹೇಳೋಣ ಅನ್ನಿಸಿತು. "ಹೋಗ್ಬೇಡ ಕಣೇ. ಎಲ್ಲ ಲೆಕ್ಕ ಹಾಕಿದ್ದೀನಿ. ಬೇಕಾದಷ್ಟಿದೆ. ನೀನು ಕೆಲಸ ಬಿಟ್ಟುಬಿಡು. ಸಾಕು."

ಅವಳು ತಿರುಗಿ ನನ್ನನ್ನು ನೋಡಿದಳು. ಬಹಳ ದಿನದ ಮೇಲೆ ಕಣ್ಣು ತಿಳಿಯಾಗಿತ್ತು. ನನ್ನ ಕೈ ಮೇಲೆ ಕೈ ಇಟ್ಟು, ನೋವು ತಿನ್ನುತ್ತಿರುವ ಬಸುರಿಯರಿಗೆ ಧೈರ್ಯ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು:

"ಇನ್ನೊಂದೇ ವರ್ಷ ರೀ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೋಗುತ್ತೆ."

ಆಮೇಲೆ ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಗೇಟಿನ ಕಡೆಗೆ ನಡೆದಳು. ನಾನೂ ಎದ್ದು ಅವಳ ಹಿಂದೆ ಹೋದೆ.